ನಾಲಿಗೆಯಿಂದ ಬಂದ ಲಸಿಕೆ

ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕಸಾಯಿಖಾನೆಯಿಂದ ದನದ ನಾಲಿಗೆಗಳು ಒಂದು ಸರ್ಕಾರಿ ಪ್ರಯೋಗಾಲಯಕ್ಕೆ ಹೋಗತೊಡಗಿದವು. ರೋಗದ ದನದವಲ್ಲ, ಮಾಂಸಕ್ಕೆಂದು ಕಡಿದ ಗಟ್ಟಿಮುಟ್ಟಾದ ದನಗಳ ನಾಲಿಗೆ. ಎಚ್.ಎಸ್. ಫ್ರೆಂಕೆಲ್ ಎಂಬ ಡಚ್ ಪಶುವೈದ್ಯ ವಿಜ್ಞಾನಿ ಆ ನಾಲಿಗೆಯ ಮೇಲ್ಪೊರೆಯನ್ನು ತೆಳ್ಳಗೆ ಕೊಯ್ದು, ಚೂರು ಮಾಡಿ, ಉಪ್ಪು-ಸಕ್ಕರೆಯ ಪೋಷಕ ದ್ರವದಲ್ಲಿ ಮುಳುಗಿಸುತ್ತಿದ್ದ. ದ್ರವವನ್ನು ದನದ ಮೈಯಷ್ಟೇ ಬೆಚ್ಚಗಿಟ್ಟು ಒಳಗೆ ಆಮ್ಲಜನಕ ಹಾಯಿಸಿದರೆ, ದನ ಸತ್ತು ಎಷ್ಟೋ ಹೊತ್ತಾಗಿದ್ದರೂ ಆ ಪೊರೆಯ ಜೀವಕೋಶಗಳು ಉಸಿರಾಡುತ್ತಲೇ ಇರುತ್ತಿದ್ದವು. ಅದಕ್ಕೆ ಕಾಲುಬಾಯಿ ಜ್ವರದ ವೈರಸ್ಸನ್ನು ಬಿಟ್ಟು ಒಂದು ದಿನ ಕಾದರೆ ಸಾಕು, ದ್ರವದ ತುಂಬ ವೈರಸ್. ಅದನ್ನು ಫಾರ್ಮಲಿನ್ ಹಾಕಿ ಕೊಂದು, ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಜೊತೆ ಬೆರೆಸಿದರೆ ಲಸಿಕೆ.

ಫ್ರೆಂಕೆಲ್ ಈ ವಿಧಾನವನ್ನು 1947ರಲ್ಲಿ ಪ್ರಕಟಿಸಿದ. ವೈರಸ್ ಕಂಡುಹಿಡಿದವನು ಅವನಲ್ಲ, ಮೊದಲ ಲಸಿಕೆ ಮಾಡಿದವನೂ ಅಲ್ಲ. ಆದರೂ ಹಾಲಿನ ಹಸುವಿಗೆ ಲಸಿಕೆ ಹಾಕಿದ ಚರಿತ್ರೆಯನ್ನು ಅವನಿಂದಲೇ ಶುರುಮಾಡುವುದು ನ್ಯಾಯ ಎಂದು ನನಗನ್ನಿಸುತ್ತದೆ. ಯಾಕೆಂದರೆ ಈ ಲಸಿಕೆಯ ತೊಡಕು ಜ್ಞಾನದ್ದಾಗಿದ್ದದ್ದು ಸ್ವಲ್ಪ ಕಾಲ ಮಾತ್ರ. ಮಿಕ್ಕ ಕಾಲವೆಲ್ಲ ಅದು ಪ್ರಮಾಣದ ತೊಡಕು. ಅಷ್ಟೊಂದು ದನಗಳಿಗೆ, ಅಷ್ಟೊಂದು ಸಲ ಹಾಕುವ ಮದ್ದನ್ನು ಎಲ್ಲಿಂದ ತರುವುದು?

ನಾಲಿಗೆಯೇ ಏಕೆ ಎಂದು ಕಾಲುಬಾಯಿ ಹೊಕ್ಕ ಕೊಟ್ಟಿಗೆಯನ್ನು ಕಂಡವರಿಗೆ ಹೇಳಬೇಕಿಲ್ಲ. ಮೊದಲು ಹಸು ಮೇವಿಗೆ ಬಾಯಿ ಹಾಕುವುದು ಬಿಡುತ್ತದೆ, ಮೈ ಸುಡುತ್ತದೆ. ಆಮೇಲೆ ಬಾಯಿಂದ ಹಗ್ಗ ಬಿಟ್ಟ ಹಾಗೆ ಜೊಲ್ಲು. ನಾಲಿಗೆ, ವಸಡು, ಗೊರಸಿನ ಸಂದು, ಮೊಲೆತೊಟ್ಟು, ಹೀಗೆ ಚರ್ಮ ಎಲ್ಲೆಲ್ಲಿ ಮೆತ್ತಗೋ ಅಲ್ಲೆಲ್ಲ ನೀರುಗುಳ್ಳೆ ಎದ್ದು ಒಡೆಯುತ್ತವೆ. ಬಾಯಿ ತೊಳೆಯಲು ಹೋದರೆ ನಾಲಿಗೆಯ ಸಿಪ್ಪೆ ಕೈಗೇ ಬರುತ್ತದೆ. ಗೊರಸಿನ ಹುಣ್ಣಿಗೆ ನೊಣ ಕೂತು ಹುಳ ಬೀಳುತ್ತದೆ. ಅಡುಗೆ ಸೋಡದ ನೀರಿನಲ್ಲಿ ಬಾಯಿ ತೊಳೆದು, ಬೋರಿಕ್ ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ ಹಚ್ಚಿ, ರಾಗಿ ಗಂಜಿ ಕುಡಿಸುವುದರ ಹೊರತು ಮಾಡುವುದೇನೂ ಇರುವುದಿಲ್ಲ. ದೊಡ್ಡ ದನ ಸಾಯುವುದು ಅಪರೂಪ. ಸಾಯುವುದು ಹಾಲು ಕುಡಿಯುವ ಕರು, ಅದೂ ನಿಂತ ನಿಲುವಿನಲ್ಲೇ. ವೈರಸ್ ಕರುವಿನ ಹೃದಯದ ಸ್ನಾಯುವನ್ನೇ ತಿಂದಿರುತ್ತದೆ. ಕೊಯ್ದು ನೋಡಿದರೆ ಹೃದಯದ ಮೇಲೆ ಬಿಳಿಚಿದ ಪಟ್ಟೆಗಳು. ಪಶುವೈದ್ಯರು ಅದನ್ನು ಹುಲಿಹೃದಯ ಎನ್ನುತ್ತಾರೆ. ಉಳಿದ ಹಸುವೋ ಬಿಸಿಲು ಬಿದ್ದರೆ ಏದುಸಿರು ಬಿಡುತ್ತದೆ, ಗಬ್ಬ ಕಟ್ಟುವುದಿಲ್ಲ, ಇಳಿದ ಹಾಲು ಮತ್ತೆ ಏರುವುದಿಲ್ಲ. ಹಸು ಬದುಕಿತು, ಡೇರಿಯ ಬಟವಾಡೆ ಸತ್ತಿತು.

ಇದರ ಕಾರಣ ತಿಳಿದದ್ದು 1898ರಲ್ಲಿ. ಆಗ ಜರ್ಮನಿಯ ಹೈನುಗಾರರು ಈ ರೋಗದಿಂದ ರೋಸಿಹೋಗಿದ್ದರು. ಹಿಂದಿನ ವರ್ಷ ಸರ್ಕಾರ ಒಂದು ಆಯೋಗ ಮಾಡಿ, ಡಿಫ್ತೀರಿಯಾದ ಬ್ಯಾಕ್ಟೀರಿಯಾ ಕಂಡುಹಿಡಿದು ಹೆಸರಾಗಿದ್ದ ಫ್ರೀಡ್ರಿಕ್ ಲೋಫ್ಲರನಿಗೆ ಕೆಲಸ ಒಪ್ಪಿಸಿತ್ತು. ಲೋಫ್ಲರ್ ಮತ್ತು ಪೌಲ್ ಫ್ರಾಷ್ ನೀರುಗುಳ್ಳೆಯ ರಸವನ್ನು ಬ್ಯಾಕ್ಟೀರಿಯಾ ನುಸುಳಲಾಗದಂಥ ಸೋಸುಕದಲ್ಲಿ ಸೋಸಿದರು. ಬ್ಯಾಕ್ಟೀರಿಯಾ ಇಲ್ಲದ ಆ ತಿಳಿಯನ್ನು ಕರುವಿಗೆ ಚುಚ್ಚಿದರೆ ರೋಗ ಬಂತು. ಆ ಕರುವಿನ ರಸವನ್ನು ಸೋಸಿ ಇನ್ನೊಂದಕ್ಕೆ ಚುಚ್ಚಿದರೆ ಅದಕ್ಕೂ ಬಂತು. ವಿಷವಾಗಿದ್ದರೆ ದಾಟಿಸುತ್ತ ಹೋದ ಹಾಗೆ ತೆಳುವಾಗಿ ಸತ್ವ ಕಳೆದುಕೊಳ್ಳಬೇಕಿತ್ತು, ಇದು ಹಾಗಾಗಲಿಲ್ಲ. ಸೋಸುಕದಲ್ಲಿ ಹಾಯುವಷ್ಟು ಸಣ್ಣದಾದ, ಆದರೆ ಒಡಲೊಳಗೆ ಹೆಚ್ಚುತ್ತಲೇ ಹೋಗುವ ಏನೋ ಒಂದು ಇದೆ ಎಂದು ಅವರು ಬರೆದರು. ಪ್ರಾಣಿರೋಗಗಳ ಪೈಕಿ ಮೊದಲು ಪತ್ತೆಯಾದ ವೈರಸ್ ಅದು. ಕೋವಿಡ್ ಕಾಲದಲ್ಲಿ ನಾವೆಲ್ಲ ದಿನಕ್ಕೆ ಹತ್ತು ಸಲ ಆಡಿದ ಆ ಶಬ್ದದ ಹಿಂದಿನ ವಿಜ್ಞಾನ ಪ್ರಾಣಿಗಳ ಮಟ್ಟಿಗೆ ಹಸುವಿನ ಬಾಯಿಹುಣ್ಣಿನಿಂದ ಮೊದಲಾಯಿತು ಎಂಬುದನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ.

ಪ್ರಯೋಗಾಲಯದಿಂದ ವೈರಸ್ ಸುತ್ತಲ ಹಳ್ಳಿಗಳಿಗೆ ಹಬ್ಬುವ ಭಯಕ್ಕೆ ಲೋಫ್ಲರ್ 1910ರಲ್ಲಿ ಬಾಲ್ಟಿಕ್ ಸಮುದ್ರದಂಚಿನ ರೀಮ್ಸ್ ಎಂಬ ದ್ವೀಪಕ್ಕೆ ಹೋಗಬೇಕಾಯಿತು. ಅವನ ನಂತರ ಅಲ್ಲಿಗೆ ಬಂದ ಓಟೋ ವಾಲ್ಡ್‌ಮನ್, ಗಿನಿಯಿಲಿಯ ಪಾದಕ್ಕೆ ಚುಚ್ಚಿ ಈ ರೋಗ ಬರಿಸಬಹುದು ಎಂದು ತೋರಿಸಿದ ಮೇಲೆ ಪರೀಕ್ಷೆಗಳು ಅಗ್ಗವಾದವು. ಅಷ್ಟರಲ್ಲಿ ಫ್ರಾನ್ಸಿನಲ್ಲಿ ವಾಲೇ ಮತ್ತು ಕಾರೇ ಒಂದು ಕೆಟ್ಟ ಸುದ್ದಿ ತಂದಿದ್ದರು. 1922ರಲ್ಲಿ ಅವರಿಗೆ ತಿಳಿದದ್ದು: ಈ ರೋಗ ಒಂದಲ್ಲ. ಒಂದು ಬಗೆ ಬಂದು ವಾಸಿಯಾದ ಹಸುವಿಗೆ ಇನ್ನೊಂದು ಬಗೆ ಬರಬಹುದು. ಅವರು ಎರಡು ಬಗೆ ಗುರುತಿಸಿ 'ಓ' ಮತ್ತು 'ಎ' ಎಂದರು. ನಾಲ್ಕು ವರ್ಷದ ನಂತರ ಜರ್ಮನಿಯಿಂದ 'ಸಿ', ಇಂಗ್ಲೆಂಡಿನ ಪರ್‌ಬ್ರೈಟ್ ಪ್ರಯೋಗಾಲಯದಿಂದ ಆಫ್ರಿಕದ ಮೂರು, ಕೊನೆಗೆ ನಮ್ಮ ಕಡೆಯ 'ಏಷ್ಯಾ-1'. ಒಟ್ಟು ಏಳು. ದನಗಳ ಇನ್ನೊಂದು ಪಿಡುಗಾದ ದೊಡ್ಡರೋಗ (ರಿಂಡರ್‌ಪೆಸ್ಟ್) ಒಂದೇ ಬಗೆಯದಾಗಿತ್ತು. ಒಮ್ಮೆ ಚುಚ್ಚಿದರೆ ಹಸುವಿನ ಆಯುಸ್ಸಿಗೆಲ್ಲ ಸಾಕಾಗುತ್ತಿತ್ತು. ಅದಕ್ಕೇ ಅದು ಭೂಮಿಯಿಂದಲೇ ಅಳಿದಿದೆ ಎಂದು 2011ರಲ್ಲಿ ಸಾರಲು ಆದದ್ದು. ಕಾಲುಬಾಯಿ ಜ್ವರದ ಲಸಿಕೆಯ ಬಲ ಮಾತ್ರ ಆರು ತಿಂಗಳಿಗೆ ಇಳಿಯುತ್ತದೆ, ಅದೂ ಸೀಸೆಯೊಳಗೆ ಇರುವ ಬಗೆಗಳಿಗೆ ಮಾತ್ರ.

ರೀಮ್ಸ್ ದ್ವೀಪದಲ್ಲಿ ವಾಲ್ಡ್‌ಮನ್ ಮತ್ತು ಅವನ ಸಂಗಡಿಗರು 1938ರ ಹೊತ್ತಿಗೆ ನಂಬಬಹುದಾದ ಲಸಿಕೆಯನ್ನೇನೋ ಮಾಡಿದರು. ಮಾಡುವ ಬಗೆ ಮಾತ್ರ ಘೋರ. ಆರೋಗ್ಯವಾದ ದನದ ನಾಲಿಗೆಗೆ ವೈರಸ್ ಚುಚ್ಚಬೇಕು. ಗುಳ್ಳೆ ಮೈದುಂಬಿದ ಹೊತ್ತಿಗೆ ದನವನ್ನು ಕಡಿಯಬೇಕು. ನಾಲಿಗೆಯ ಸಿಪ್ಪೆ ಮತ್ತು ರಸ ತೆಗೆಯಬೇಕು. ಹಿಂಡನ್ನು ಉಳಿಸುವ ಮದ್ದಿಗೆ ಇನ್ನೊಂದು ಹಿಂಡನ್ನೇ ಕೊಡಬೇಕು.

ಈ ಲೆಕ್ಕ ಎಷ್ಟು ಕಷ್ಟದ್ದೆಂಬುದನ್ನು ಮೆಕ್ಸಿಕೊ ಕಂಡಿತು. ಬ್ರೆಜಿಲ್‌ನಿಂದ ಝೆಬು ಹೋರಿಗಳು ಬಂದಿಳಿದ ಮೇಲೆ 1946ರ ಕೊನೆಗೆ ವೆರಕ್ರೂಜ್ ಪ್ರಾಂತದಲ್ಲಿ ರೋಗ ಖಚಿತವಾಯಿತು. (ಬ್ರೆಜಿಲ್‌ನ ಝೆಬುಗಳ ಮೂಲ ನಮ್ಮ ಗೀರ್, ಕಾಂಕ್ರೇಜ್, ಓಂಗೋಲ್ ತಳಿಗಳು.) ಅಮೆರಿಕ ಗಡಿ ಮುಚ್ಚಿತು, ಎರಡೂ ದೇಶ ಸೇರಿ ಒಂದು ಜಂಟಿ ಆಯೋಗ ಮಾಡಿದವು. ಮೊದಲು ಹಿಡಿದ ದಾರಿ ಬಂದೂಕಿನದು. ರೋಗ ಕಂಡ ಊರಿನ ದನ, ಕುರಿ, ಮೇಕೆ, ಹಂದಿಗಳನ್ನೆಲ್ಲ ಕಂದಕಕ್ಕೆ ಇಳಿಸಿ ಗುಂಡಿಕ್ಕುವುದು. ವರ್ಷ ತುಂಬುವುದರೊಳಗೆ ಹತ್ತಿರಹತ್ತಿರ ಹತ್ತು ಲಕ್ಷ ಪ್ರಾಣಿಗಳು ಮಣ್ಣಾದವು. ಉಳುವ ಎತ್ತಿನ ಬದಲಿಗೆ ಆಯೋಗ ಹೇಸರಗತ್ತೆ ತಂದುಕೊಟ್ಟಿತು, ಅದಕ್ಕೆ ಈ ರೋಗ ಬರುವುದಿಲ್ಲವಲ್ಲ! ನೊಗಕ್ಕೆ ಎತ್ತು ಕಟ್ಟಿ ಅಭ್ಯಾಸವಾದ ರೈತ ಹೇಸರಗತ್ತೆಯನ್ನು ಕಟ್ಟಿಕೊಂಡು ಏನು ಮಾಡಿಯಾನು ಎಂದು ಯೋಚಿಸಿದವರು ಆ ಕಚೇರಿಯಲ್ಲಿ ಇರಲಿಲ್ಲವೇನೋ. 1947ರ ಸೆಪ್ಟೆಂಬರಿನಲ್ಲಿ ಮಿಚೋಅಕಾನ್ ಪ್ರಾಂತದ ಸೆಂಗೀಯೊ ಎಂಬಲ್ಲಿ ರೊಚ್ಚಿಗೆದ್ದ ಜನ ಒಬ್ಬ ಪಶುವೈದ್ಯನನ್ನೂ ಅವನ ಕಾವಲಿಗಿದ್ದ ಸೈನಿಕರನ್ನೂ ಕೊಂದರು. ನವೆಂಬರಿಗೆ ಸಾಮೂಹಿಕ ಹತ್ಯೆ ನಿಂತಿತು, ಲಸಿಕೆಯ ಸರದಿ ಬಂತು.

ಮೊದಲು ಹೊರದೇಶಗಳಿಂದ ತರಿಸಿದ ಲಸಿಕೆ, ಆಮೇಲೆ ಮೆಕ್ಸಿಕೊದಲ್ಲೇ ದನದ ನಾಲಿಗೆಯಿಂದ ಮಾಡಿದ ಲಸಿಕೆ. ಕುದುರೆಯೇರಿದ ತಂಡಗಳು ಐಸಿನ ಪೆಟ್ಟಿಗೆಗಳನ್ನು ಹೇರಿಕೊಂಡು ಬೆಟ್ಟದ ಹಳ್ಳಿಗಳನ್ನು ಸುತ್ತಿದವು. ನಾಲ್ಕು ತಿಂಗಳಿಗೊಮ್ಮೆ ಅದೇ ಊರು, ಅದೇ ದನ, ಅದೇ ಸೂಜಿ. ಸುಮಾರು ಆರು ಕೋಟಿ ಚುಚ್ಚುಮದ್ದು. 1952ರಲ್ಲಿ ಗಡಿ ತೆರೆಯಿತು, ಮರುವರ್ಷ ರೋಗ ತಿರುಗಿ ಬಂದು ಮತ್ತೆ ಮುಚ್ಚಿತು, 1954ರ ಕೊನೆಗೆ ಎಲ್ಲ ಮುಗಿಯಿತು. ಕೊಲ್ಲದೆಯೂ ಗೆಲ್ಲಬಹುದು ಎಂಬುದಕ್ಕೆ ಆ ಕಾಲದ ದೊಡ್ಡ ಸಾಕ್ಷಿ ಅದು. ಆದರೆ ಅಷ್ಟು ದುಡ್ಡು ಸುರಿಯಲು ಪಕ್ಕದಲ್ಲಿ ಅಮೆರಿಕ ಇರಬೇಕಿತ್ತು.

ಹಾಲೆಂಡಿನ ಫ್ರೆಂಕೆಲ್ ಬಿಡಿಸಿದ ಗಂಟು ಇದೇ. ಕಸಾಯಿಖಾನೆಯಲ್ಲಿ ಹೇಗೂ ಬೀಳುವ ನಾಲಿಗೆಯ ಸಿಪ್ಪೆ ಸಾಕೆಂದ ಮೇಲೆ ಲಸಿಕೆಗೆಂದು ದನಕ್ಕೆ ರೋಗ ಬರಿಸಿ ಕಡಿಯುವ ಅಗತ್ಯ ತಪ್ಪಿತು. 1951-52ರಲ್ಲಿ ಯುರೋಪಿನಲ್ಲೆಲ್ಲ ಕಾಲುಬಾಯಿ ಜ್ವರ ಮತ್ತೆ ಉರಿದಾಗ ಅವನ ಲಸಿಕೆ ಕೈಯಲ್ಲಿತ್ತು. 1953ರಿಂದ ನೆದರ್ಲೆಂಡ್ಸ್ ದೇಶದ ದನಗಳಿಗೆ ಪ್ರತಿವರ್ಷ ತಪ್ಪದೆ ಸೂಜಿ ಬಿತ್ತು. 1960ರ ದಶಕದಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ ಅದೇ ಹಾದಿ ಹಿಡಿದವು. ಸಾವಿರಗಟ್ಟಲೆ ಕೊಟ್ಟಿಗೆಗಳನ್ನು ಹೊಗುತ್ತಿದ್ದ ರೋಗ ಬೆರಳೆಣಿಕೆಗೆ ಇಳಿಯಿತು. ಇಂಗ್ಲೆಂಡ್ ಮಾತ್ರ ಒಪ್ಪದೆ, ರೋಗ ಬಂದಲ್ಲಿ ಕಡಿದು ಸುಡುವ ತನ್ನ ಹಳೆಯ ಪದ್ಧತಿಗೇ ಅಂಟಿಕೊಂಡಿತು. ದ್ವೀಪಕ್ಕೆ ಆ ಜಂಬ ಸಲ್ಲುತ್ತದೆ. 1967-68ರ ಪಿಡುಗಿನಲ್ಲಿ ಅದಕ್ಕೆ ನಾಲ್ಕು ಲಕ್ಷಕ್ಕೂ ಮಿಕ್ಕಿ ಪ್ರಾಣಿಗಳ ಬೆಲೆ ತೆತ್ತಿತು.

1962ರಲ್ಲಿ ನಾಲಿಗೆಯೂ ಬೇಡವಾಯಿತು. ಗ್ಲಾಸ್ಗೊದಲ್ಲಿ ಹ್ಯಾಮ್‌ಸ್ಟರ್ ಮರಿಗಳ ಮೂತ್ರಪಿಂಡದಿಂದ ತೆಗೆದು ಬೆಳೆಸಿದ್ದ, ಸಾವೇ ಇಲ್ಲದಂತೆ ಒಡೆಯುತ್ತ ಹೋಗುವ ಜೀವಕೋಶಗಳಲ್ಲಿ ಈ ವೈರಸ್ ಚೆನ್ನಾಗಿ ಬೆಳೆಯುತ್ತದೆ ಎಂದು ಪರ್‌ಬ್ರೈಟಿನವರು ತೋರಿಸಿದರು. ಬಿಎಚ್‌ಕೆ-21 ಎಂದು ಆ ಕೋಶಗಳ ಹೆಸರು. ಉಕ್ಕಿನ ದೊಡ್ಡ ಹಂಡೆಗಳಲ್ಲಿ ದ್ರವದೊಳಗೆ ತೇಲಿಸಿ ಬೆಳೆಸುವುದಕ್ಕೂ ಅವು ಒಗ್ಗಿದವು. ಕಾರ್ಖಾನೆ ಇದ್ದರೆ ಸಾಕು, ಕಸಾಯಿಖಾನೆ ಬೇಡ. ದನದ ನಾಲಿಗೆಯನ್ನು ಮುಟ್ಟಲು ಹಿಂಜರಿಯುವ ನಮ್ಮಂಥ ದೇಶಕ್ಕೆ ಈ ಲಸಿಕೆ ಬರಲು ಇದರಿಂದ ದಾರಿ ಸಲೀಸಾಯಿತು ಎಂಬುದು ನನ್ನ ಊಹೆ, ದಾಖಲೆಯಲ್ಲ.

ಬೆಂಗಳೂರಿಗೆ ಅದು ಬಂದ ಬಗೆ ಸ್ವಾರಸ್ಯವಾಗಿದೆ. 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಹೆಸರಘಟ್ಟದಲ್ಲಿ ಹೋರಿಗಳ ವೀರ್ಯವನ್ನು ಹೆಪ್ಪುಗಟ್ಟಿಸಿ ಊರೂರಿಗೆ ಕಳಿಸುವ ಕೇಂದ್ರ ಶುರುವಾಯಿತು. ಅದೇ ಡೆನ್ಮಾರ್ಕಿನ ನೆರವಿನಿಂದಲೇ 1970ರ ದಶಕದಲ್ಲಿ ಹೆಬ್ಬಾಳದಲ್ಲಿ, ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಆವರಣದಲ್ಲಿ, ಕಾಲುಬಾಯಿ ಜ್ವರದ ಲಸಿಕೆಯ ಪ್ರಯೋಗಾಲಯ ಎದ್ದಿತು. ಹೆಬ್ಬಾಳಕ್ಕೆ ಲಸಿಕೆ ಹೊಸದಲ್ಲ. ಮೈಸೂರು ಸಂಸ್ಥಾನ 1925ರಲ್ಲಿ ಕಟ್ಟಿದ ಸೀರಂ ಸಂಸ್ಥೆಯ ಪರಂಪರೆ ಇರುವುದೂ ಅಲ್ಲೇ. ಆದರೆ ಈ ಎರಡು ಡೇನಿಷ್ ಕೆಲಸಗಳನ್ನು ಒಟ್ಟಿಗಿಟ್ಟು ನೋಡಬೇಕು. ಹೆಸರಘಟ್ಟದಿಂದ ಹೊರಟ ವೀರ್ಯ ಹಳ್ಳಿಯಲ್ಲಿ ಸೀಮೆಹಸುವನ್ನು ಹುಟ್ಟಿಸಿತು. ಆ ಸೀಮೆಹಸುವಿಗೆ ಕಾಲುಬಾಯಿ ಬಂದರೆ ತಡೆಯಲು ಹೆಬ್ಬಾಳದ ಸೀಸೆ ಬೇಕಾಯಿತು.

ನಾಟಿ ಹಸುವಿಗೆ, ಹಳ್ಳಿಕಾರಿಗೆ, ಅಮೃತಮಹಲಿಗೆ ಈ ಜ್ವರ ಬರುವುದೇ ಇಲ್ಲ ಎಂದಲ್ಲ. ಬರುತ್ತದೆ, ಕುಂಟುತ್ತವೆ, ವಾರ ಹದಿನೈದು ದಿನದಲ್ಲಿ ಚೇತರಿಸಿಕೊಳ್ಳುತ್ತವೆ. ನಮ್ಮ ಹಿರಿಯರು ಅದನ್ನು ಅಷ್ಟಾಗಿ ಲೆಕ್ಕಕ್ಕೆ ಇಡದೆ, ಹಸು ಹೊಳೆಯ ಮರಳಲ್ಲಿ, ಕೆರೆಯ ಕೆಸರಲ್ಲಿ ನಿಂತರೆ ಸರಿಹೋದೀತು ಎನ್ನುತ್ತಿದ್ದುದು ಅದಕ್ಕೆ. ಹಾಲೆಂಡಿನ ಫ್ರೀಸ್‌ಲೆಂಡ್ ಸೀಮೆಯ ರಕ್ತ ಬೆರೆತ ಎಚ್‌ಎಫ್ ಹಸುವಿನ ಕತೆ ಬೇರೆ. ಅದಕ್ಕೆ ರೋಗ ಬಲವಾಗಿ ಬಡಿಯುತ್ತದೆ, ನಷ್ಟವೂ ಅಷ್ಟೇ ದೊಡ್ಡದು. ಎರಡು ಲೀಟರ್ ಕೊಡುವ ಹಸು ತಿಂಗಳು ಬತ್ತಿದರೆ ಮನೆಯ ಮಜ್ಜಿಗೆ ತಪ್ಪುತ್ತದೆ, ಹದಿನೈದು ಲೀಟರಿನದು ಬತ್ತಿದರೆ ಸಾಲದ ಕಂತು ತಪ್ಪುತ್ತದೆ. 1974ರ ನಂತರ ವಿಶ್ವಬ್ಯಾಂಕಿನ ಹಣದಿಂದ ಕರ್ನಾಟಕದ ತೆಂಕಣ ಜಿಲ್ಲೆಗಳಲ್ಲಿ ಊರಿಗೊಂದು ಡೇರಿ ಬಂದಿತು; ನೂರಾರು ಮನೆಯ ಹಸುಗಳ ಹಾಲು ಒಂದೆಡೆ ಸೇರತೊಡಗಿತು. ಕ್ಯಾನು, ವಾಹನ, ಜನ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಓಡಾಡಿದರೆ ವೈರಸ್ಸೂ ಜೊತೆಗೆ ಓಡಾಡುತ್ತದೆ. ಲಸಿಕೆಯನ್ನು ಹೆಬ್ಬಾಳವೊಂದೇ ಒದಗಿಸಲು ಆಗುವಂತಿರಲಿಲ್ಲ. 1980ರ ದಶಕದ ಆರಂಭದಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹೈದರಾಬಾದಿನಲ್ಲಿ ಇಂಡಿಯನ್ ಇಮ್ಯುನಲಾಜಿಕಲ್ಸ್ ಎಂಬ ಕಾರ್ಖಾನೆ ಕಟ್ಟಿತು. ಹೈನುಗಾರಿಕೆಯನ್ನು ಬೆಳೆಸಿದವರೇ ಲಸಿಕೆಯನ್ನೂ ಮಾಡಬೇಕಾಗಿ ಬಂದದ್ದು ಕಾಕತಾಳೀಯವಲ್ಲ.

ನಮ್ಮ ಸೀಸೆಯಲ್ಲಿ ಈಗಿರುವುದು ಮೂರು ಬಗೆ: ಓ, ಎ, ಏಷ್ಯಾ-1. 'ಸಿ' ಭಾರತದಲ್ಲಿ 1995ರ ನಂತರ ಕಂಡಿಲ್ಲ.

ಅಷ್ಟರಲ್ಲಿ ಯುರೋಪು ತಿರುವು ತೆಗೆದುಕೊಂಡಿತ್ತು. ವೈರಸ್ಸಿನ ವಂಶವಾಹಿಗಳನ್ನು ಓದುವ ವಿದ್ಯೆ ಬಂದ ಮೇಲೆ, 1987ರಲ್ಲಿ ಜರ್ಮನಿಯ ಇಬ್ಬರು ಸಂಶೋಧಕರು ಹಳೆಯ ಪಿಡುಗುಗಳ ವೈರಸ್ಸನ್ನು ಲಸಿಕೆಗೆ ಬಳಸುವ ವೈರಸ್ಸಿನ ಜೊತೆ ಹೋಲಿಸಿದರು. ಎಷ್ಟೋ ಕಡೆ ಎರಡೂ ಒಂದೇ. ಫಾರ್ಮಲಿನ್‌ನಲ್ಲಿ ಪೂರ್ತಿ ಸಾಯದೆ ಉಳಿದ ವೈರಸ್, ಇಲ್ಲವೇ ಪ್ರಯೋಗಾಲಯದಿಂದ ತಪ್ಪಿಸಿಕೊಂಡ ವೈರಸ್ ರೋಗ ತಂದಿತ್ತು. ಲಸಿಕೆ ಹೊರಗಿನ ರೋಗವನ್ನು ಅಷ್ಟು ಚೆನ್ನಾಗಿ ಒರೆಸಿಹಾಕಿದ್ದರಿಂದಲೇ ಒಳಗಿನ ಕಳ್ಳ ಕಣ್ಣಿಗೆ ಬಿದ್ದದ್ದು. ಫಾರ್ಮಲಿನ್ ಜಾಗಕ್ಕೆ ವೈರಸ್ಸನ್ನು ನಂಬಿಕೆಯಿಂದ ಕೊಲ್ಲುವ ಬೇರೆ ರಾಸಾಯನಿಕ ಬಂತು. ಯುರೋಪಿನ ಒಕ್ಕೂಟವಂತೂ 1990ರ ದಶಕದ ಆರಂಭದಲ್ಲಿ ವಾಡಿಕೆಯ ಲಸಿಕೆಯನ್ನೇ ನಿಲ್ಲಿಸಿಬಿಟ್ಟಿತು. ರೋಗವೂ ಇಲ್ಲ, ಲಸಿಕೆಯೂ ಇಲ್ಲ ಎಂಬ ದೇಶಕ್ಕೆ ಮಾಂಸ, ಹಾಲಿನ ಪೇಟೆಯಲ್ಲಿ ಮೊದಲ ಮಣೆ.

ಆ ಮಣೆಯ ಬೆಲೆ 2001ರಲ್ಲಿ ತಿಳಿಯಿತು. ಬ್ರಿಟನ್ನಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಫಾರಂಗಳಿಗೆ ರೋಗ ಹೊಕ್ಕಿತು, ಅರವತ್ತು ಲಕ್ಷಕ್ಕೂ ಮಿಕ್ಕ ಪ್ರಾಣಿಗಳನ್ನು ಕೊಂದರು. ಆ ವೈರಸ್ಸಿನ ವಂಶ ಮೊದಲು ಗುರುತಾದದ್ದು 1990ರಲ್ಲಿ, ಭಾರತದಲ್ಲಿ. ರೋಗ ಕಡಲು ದಾಟಿ ನೆದರ್ಲೆಂಡ್ಸಿಗೂ ಬಂತು. ಫ್ರೆಂಕೆಲನ ದೇಶ ಸುತ್ತಮುತ್ತಲ ಹಸುಗಳಿಗೆಲ್ಲ ಲಸಿಕೆ ಹಾಕಿ ರೋಗವನ್ನು 26 ಕಡೆಗೇ ತಡೆದು ನಿಲ್ಲಿಸಿತು. ಆಮೇಲೆ ಲಸಿಕೆ ಹಾಕಿದ ಆ ಹಸುಗಳನ್ನೂ ಕೊಂದಿತು. ರೋಗ ಬಂದು ಹೋದ ಹಸು ಯಾವುದು, ಲಸಿಕೆ ಪಡೆದ ಹಸು ಯಾವುದು ಎಂದು ಪೇಟೆ ಒಪ್ಪುವಂತೆ ಬೇರ್ಪಡಿಸುವ ಪರೀಕ್ಷೆ ಆಗ ಇರಲಿಲ್ಲ. ಒಟ್ಟು ಎರಡೂವರೆ ಲಕ್ಷಕ್ಕೂ ಹೆಚ್ಚು ಪ್ರಾಣಿಗಳು ಹೋದವು. ಈ ಇಡೀ ಚರಿತ್ರೆಯಲ್ಲಿ ನನಗೆ ಒಗಟಾಗಿ ಕಾಣುವ ಘಟ್ಟ ಇದೊಂದೇ. ಮೆಕ್ಸಿಕೊದ ಬಂದೂಕಿಗಾದರೂ ಒಂದು ತರ್ಕ ಇತ್ತು.

ನಮ್ಮಲ್ಲಿ ಕೊಂದು ತಡೆಯುವ ಮಾತೇ ಏಳುವುದಿಲ್ಲ, ಉಳಿದಿರುವುದು ಸೂಜಿ. 2003-04ರಲ್ಲಿ ಕೇಂದ್ರ ಸರ್ಕಾರ ದೇಶದ 54 ಜಿಲ್ಲೆಗಳನ್ನು ಆರಿಸಿಕೊಂಡು ಆರು ತಿಂಗಳಿಗೊಮ್ಮೆ ಉಚಿತ ಲಸಿಕೆ ಹಾಕಲು ತೊಡಗಿತು, ಆಮೇಲೆ ಹಂತಹಂತವಾಗಿ ಜಿಲ್ಲೆಗಳು ಹೆಚ್ಚಿದವು. ಹೀಗಿರುವಾಗ 2013 ಬಂತು. ಆ ವರ್ಷದ ಮಳೆಗಾಲದಿಂದ ಚಳಿಗಾಲದವರೆಗೆ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ರಾಮನಗರದ ಸೀಮೆಯಲ್ಲಿ 'ಓ' ಬಗೆಯ ರೋಗ ಹೊಕ್ಕ ಹೊಡೆತಕ್ಕೆ ಸಾವಿರಾರು ದನ ಸತ್ತವು. ದೊಡ್ಡ ದನ ಸಾಯುವುದಿಲ್ಲ ಎಂಬ ಪುಸ್ತಕದ ಮಾತು ಅಲ್ಲಿ ಸುಳ್ಳಾಯಿತು. ದನದ ಸಂತೆ, ಜಾತ್ರೆಗಳಿಗೆ ತಡೆ ಬಿತ್ತು. ಗುಂಡಿ ತೋಡಲು ಜೆಸಿಬಿ ತರಿಸಿದ ಊರುಗಳೂ ಇದ್ದವು. ಲಸಿಕೆ ಹಾಕಿಸಿದ್ದೆವು, ಆದರೂ ಬಂತಲ್ಲ ಎಂಬುದು ಊರೂರಿನ ದೂರು.

ಆ ದೂರಿಗೆ ಉತ್ತರ ಲಸಿಕೆಯ ರಚನೆಯಲ್ಲೇ ಇದೆ. ಕೊಂದ ವೈರಸ್ಸಿನ ಕಣ ಇಡಿಯಾಗಿ ಉಳಿದಿದ್ದರೆ ಮಾತ್ರ ಹಸುವಿನ ಮೈ ಅದನ್ನು ಗುರುತಿಟ್ಟುಕೊಳ್ಳುತ್ತದೆ. ಬಿಸಿ ತಾಗಿದರೆ ಕಣ ಒಡೆದು ಚೂರಾಗುತ್ತದೆ. ಸೀಸೆ ನೋಡಲು ಹಾಗೇ ಇರುತ್ತದೆ, ಒಳಗಿನ ಬಲ ಹೋಗಿರುತ್ತದೆ. ಕಾರ್ಖಾನೆಯಿಂದ ಕೊಟ್ಟಿಗೆಯ ಬಾಗಿಲವರೆಗೆ 2ರಿಂದ 8 ಡಿಗ್ರಿಯ ತಂಪು ಎಲ್ಲೂ ತಪ್ಪಬಾರದು ಎಂಬ ನಿಯಮ ಇದಕ್ಕೇ. ಕರೆಂಟು ಹೋಗಿ ಬರುವ ಹೋಬಳಿಯ ಪಶು ಆಸ್ಪತ್ರೆಯಲ್ಲಿ ಈ ನಿಯಮ ಪಾಲಿಸುವುದೆಂದರೆ ಹುಡುಗಾಟವಲ್ಲ. ಮೇಲಾಗಿ ಊರಿನ ನೂರು ದನದಲ್ಲಿ ಎಂಬತ್ತಕ್ಕಾದರೂ ಸೂಜಿ ಬೀಳದಿದ್ದರೆ ವೈರಸ್ಸಿಗೆ ಓಡಾಡಲು ಜಾಗ ಉಳಿಯುತ್ತದೆ.

ಬಾಗಿಲಿಗೆ ಬಂದವರನ್ನು ವಾಪಸು ಕಳಿಸುವ ಮನೆಗಳೂ ಇವೆ. "ಈಗ ಬ್ಯಾಡ ಸಾ, ಗಬ್ಬದ ಹಸ" ಎನ್ನುತ್ತಾರೆ, "ಸೂಜಿ ಹಾಕಿದ್ರೆ ಎರಡು ದಿನ ಹಾಲು ಇಳೀತದೆ" ಎನ್ನುತ್ತಾರೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಸೂಜಿ ಬಿದ್ದ ಹಸುವಿಗೆ ಮೈ ಬೆಚ್ಚಗಾಗಿ ಒಂದೆರಡು ದಿನ ಹಾಲು ಸ್ವಲ್ಪ ಇಳಿಯುವುದುಂಟು, ಚುಚ್ಚಿದ ಜಾಗ ಗಂಟು ಕಟ್ಟುವುದೂ ಉಂಟು. ಇಳಿದ ಹಾಲಿನ ದುಡ್ಡು ಅವತ್ತೇ ಕಾಣುತ್ತದೆ. ಬಾರದೆ ಹೋದ ರೋಗದ ಲಾಭ ಯಾವ ಡೇರಿಯ ಪುಸ್ತಕದಲ್ಲೂ ಬರೆದಿರುವುದಿಲ್ಲ. 2013ರ ನೆನಪು ಹಸಿಯಾಗಿದ್ದಷ್ಟು ದಿನ ಜನ ತಾವಾಗಿ ಹಸು ಹಿಡಿದು ನಿಲ್ಲುತ್ತಿದ್ದರು.

2019ರ ಸೆಪ್ಟೆಂಬರ್ 11ರಂದು ಮಥುರೆಯಲ್ಲಿ ಪ್ರಧಾನಿ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮಕ್ಕೆ ಚಾಲನೆ ಕೊಟ್ಟರು. ಕಾಲುಬಾಯಿ ಜ್ವರ ಮತ್ತು ಕಂದುರೋಗ (ಬ್ರುಸೆಲ್ಲೋಸಿಸ್) ಎರಡಕ್ಕೂ ಸೇರಿ ಐದು ವರ್ಷಕ್ಕೆ 13,343 ಕೋಟಿ ರೂಪಾಯಿ, 50 ಕೋಟಿಗೂ ಹೆಚ್ಚು ಪ್ರಾಣಿಗಳು, 2030ಕ್ಕೆ ಕಾಲುಬಾಯಿ ನಿರ್ಮೂಲ ಎಂಬ ಗುರಿ. ಹಸುಗಳ ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಬಿಲ್ಲೆ ತೂಗತೊಡಗಿತು. ಯಾವ ಹಸುವಿಗೆ ಯಾವತ್ತು ಸೂಜಿ ಬಿತ್ತು ಎಂಬುದು ಮೊಬೈಲಿನಲ್ಲಿ ದಾಖಲಾಗತೊಡಗಿತು. ಮೆಕ್ಸಿಕೊದ ಆರು ಕೋಟಿ ಸೂಜಿ ಇಲ್ಲಿ ಒಂದು ಸುತ್ತಿಗೂ ಸಾಲದು.

ತೊಡಕು ಈಗ ಕರುವಿನದು. ಮೊದಲ ಸೂಜಿ ನಾಲ್ಕು ತಿಂಗಳು ತುಂಬಿದ ಮೇಲೆ, ಅದಾಗಿ ಒಂದು ತಿಂಗಳಿಗೆ ಬೂಸ್ಟರ್, ಆಮೇಲೆ ಆರು ತಿಂಗಳಿಗೊಮ್ಮೆ ಎಂಬುದು ನಿಯಮ. ತಂಡ ಸೆಪ್ಟೆಂಬರಿನಲ್ಲಿ ಊರಿಗೆ ಬಂದಾಗ ಮೂರು ತಿಂಗಳಾಗಿದ್ದ ಕರುವನ್ನು ಬಿಟ್ಟು ಹೋಗುತ್ತದೆ. ಮಾರ್ಚಿ ತಿಂಗಳ ಸುತ್ತಿಗೆ ಅದಕ್ಕೆ ಒಂಬತ್ತು ತಿಂಗಳು, ಮೊದಲ ಸೂಜಿ ಬೀಳುವುದು ಆಗ. ಏಪ್ರಿಲಿನಲ್ಲಿ ಬೂಸ್ಟರ್ ಬೀಳಬೇಕು, ಅಷ್ಟು ಹೊತ್ತಿಗೆ ತಂಡ ತಾಲ್ಲೂಕಿನ ಇನ್ನೊಂದು ಮೂಲೆಯಲ್ಲಿರುತ್ತದೆ. ಮನೆಯವರೇ ಕರುವನ್ನು ಗಾಡಿಗೆ ಹತ್ತಿಸಿ ಆಸ್ಪತ್ರೆಗೆ ಹೊಡೆದುಕೊಂಡು ಹೋದರೆ ಉಂಟು, ಇಲ್ಲವಾದರೆ ಮತ್ತೆ ಸೆಪ್ಟೆಂಬರ್.